ಎರಡನೆಯ ಸಾಲು

ಹನೂರಿನ ಗುರುಪಾದಸ್ವಾಮಿಗಳ ಮಗಳು ಸೌಮ್ಯಳ ಧಾರೆ ಸೀರೆಯ ಅಂಚಿನಲ್ಲಿ ನವಿಲುಗಳಿಗೆ ತಲೆ ಇರಲಿಲ್ಲ. ಕಾಲಿತ್ತು, ಹೊಟ್ಟೆಯಿತ್ತು, ಗರಿಯಂತೂ ಧಾರಾಳವಾಗಿತ್ತು. ಕುತ್ತಿಗೆ ಅರ್ಧದವರೆಗೆ ಬಂದು, ಏನೋ ಮರೆತವರ ಹಾಗೆ ಅಲ್ಲಿಗೇ ನಿಂತುಬಿಟ್ಟಿತ್ತು. ಒಂದು ಗೇಣು ನೇಯ್ದ ಮೇಲೆ ಇದನ್ನು ಗಮನಿಸಿದ ಮಾದೇಶ, ಶುಭಕಾರ್ಯದ ಸೀರೆಗೆ ಮುಂಡ ನೇಯುವುದು ತನ್ನಿಂದಾಗದು ಎಂದು ಮಗ್ಗದಿಂದ ಎದ್ದವನೇ ಗೋಪಿನಾಥಂನಲ್ಲಿರುವ ಅಕ್ಕನ ಮನೆಗೆ ಹೊರಟುಹೋದ. ಅಲ್ಲಿಗೆ ಹೋಗುವ ಬಸ್ಸುಗಳು ಕಡಿಮೆ. ಅಲ್ಲಿಂದ ಬರುವ ಬಸ್ಸುಗಳು ಇನ್ನೂ ಕಡಿಮೆ.

ಹಾಗಾಗಿ ಶುಕ್ರವಾರ ಬೆಳಿಗ್ಗೆ, ಕೊಳ್ಳೇಗಾಲದ ದೇವಾಂಗಪೇಟೆಯ ಆ ಬೀದಿಯ ಎಂಟು ಮಗ್ಗಗಳ ಸಂಘಕ್ಕೆ ಅಧ್ಯಕ್ಷರೂ ಬೀದಿಗೆಲ್ಲ ಮಾವನೂ ಆದ ನಾಗಯ್ಯ, ನವಿಲುಗಳ ಫೋಟೋ ತೆಗೆದುಕೊಂಡು ನೇರವಾಗಿ ಚೌಡೇಶನ ಮನೆಗೆ ಬಂದರು.

ಸಂಘದ ಆಸ್ತಿ ಎಂದರೆ ಒಂದು ಕಂಪ್ಯೂಟರು, ಮತ್ತು ಅದು ಹೇಳಿದಲ್ಲಿ ಜಕಾರ್ಡ್ ರಟ್ಟುಗಳಿಗೆ ತೂತು ಹೊಡೆಯುವ ಒಂದು ಯಂತ್ರ. ರಟ್ಟಿನಲ್ಲಿ ತೂತು ಬಿದ್ದ ಕಡೆ ಮಗ್ಗದಲ್ಲಿ ಎಳೆ ಏಳುತ್ತದೆ, ಎಳೆ ಎದ್ದ ಕಡೆ ಸೀರೆಯಲ್ಲಿ ನವಿಲು ಮೂಡುತ್ತದೆ. ಎರಡೂ ಚೌಡೇಶನ ಮನೆಯ ಮುಂದಿನ ಕೋಣೆಯಲ್ಲಿದ್ದವು. ಚಿತ್ರ ಬರೆದು ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸುವವರು ಬೇರೆ ಇದ್ದರು. ಕಂಪ್ಯೂಟರು ಹಚ್ಚುವುದು, ಯಂತ್ರಕ್ಕೆ ರಟ್ಟು ಉಣಿಸುವುದು, ಸಾಯಂಕಾಲ ಆರಿಸುವುದು ಚೌಡೇಶನ ಕೆಲಸ. ಇದನ್ನು ಅವನು ಕುರ್ಚಿಯಲ್ಲಿ ಕೂತು ಮಾಡುತ್ತಿದ್ದ. ಆ ಕುರ್ಚಿಗೆ ಗಾಲಿಯಿತ್ತು, ಅದು ತಿರುಗುತ್ತಿತ್ತು.

ಕುರ್ಚಿಯ ಬೆಲೆ ಗೊತ್ತಾಗಬೇಕಾದರೆ ಗುಂಡಿಯಲ್ಲಿ ಕೂತಿರಬೇಕು. ಮೀಸೆ ಮೂಡುವ ಮೊದಲೇ ಚೌಡೇಶ ಕುಣಿ ಮಗ್ಗಕ್ಕೆ ಇಳಿದವನು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ಅವನ ಮಂಡಿಗಳು, ಎಣ್ಣೆ ಕಾಣದ ಬಾಗಿಲಿನ ಹಾಗೆ, ಕೂತರೂ ಎದ್ದರೂ ಸದ್ದು ಮಾಡುತ್ತಿದ್ದವು. ಕುರ್ಚಿ ಸಿಕ್ಕ ದಿನ ಅವನು ಬಚ್ಚಲಿಗೆ ಹೋಗಿ ಅತ್ತು ಬಂದಿದ್ದ. ಮತ್ತೆ ಗುಂಡಿಗೆ ಇಳಿಯಬೇಕಾದೀತೆಂಬ ಭಯ ಅವನಿಗೆ ದೆವ್ವದ ಭಯಕ್ಕಿಂತ ದೊಡ್ಡದು.

"ಏನ್ಲಾ ಇದು?" ನಾಗಯ್ಯ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದರು.

"ನವಿಲು, ಮಾವ."

"ತಲೆ?"

ಚೌಡೇಶ ಎರಡು ಬೆರಳಿನಿಂದ ಫೋಟೋವನ್ನು ದೊಡ್ಡದು ಮಾಡಿದ. ದೊಡ್ಡದು ಮಾಡಿದರೂ ತಲೆ ಬರಲಿಲ್ಲ. "ರಟ್ಟು ಒಡೀವಾಗ ಕರೆಂಟ್ ಓಯ್ತು ಮಾವ. ಕಂಪ್ಯೂಟ್ರು ಸರ್ಯಾಗಿ ಮಲಗ್ನಿಲ್ಲ. ಫೈಲು ಅಲ್ಲೇ ತುಂಡಾಗೋಗದ. ಯುಪಿಎಸ್‌ಗೆ ಒಂದು ಒಸ ಬ್ಯಾಟ್ರಿ ಆಕ್ಸುದ್ರೆ..."

"ಬ್ಯಾಟ್ರಿ ಬೇಕಂದ್ರೆ ಸಬೆ ಕರೀಬೇಕು. ಸಬೆಗೆ ಎಂಟೂ ಜನ ಬರಬೇಕು. ಮಾದೇಶ ಗೋಪಿನಾಥಂನಲ್ಲವ್ನೆ." ನಾಗಯ್ಯ ಫೋನನ್ನು ಜೇಬಿಗಿಟ್ಟುಕೊಂಡರು. "ಸಾಯಂಕಾಲದ ಬಸ್ಸಿಗೆ ಹನೂರಿಂದ ಸ್ವಾಮ್ಗಳು ಬತ್ತಾವ್ರೆ. ಅಷ್ಟೊತ್ಗೆ ತಲೆ ಇರೋ ರಟ್ಟು ಇರಬೇಕು, ಇನ್ನೊಂದ್ಸಲ ಇಂಗಾಗಲ್ಲ ಅಂತ ಎಲ್ರ ಮುಂದೆ ನೀ ತೋರಿಸ್ಬೇಕು. ಇಲ್ದಿದ್ರೆ ಕಂಪ್ಯೂಟ್ರು ಸತೀಶನ ಅಂಗ್ಡಿಗೆ ಓಯ್ತದ, ನೀನು ಮಾದೇಶನ ಗುಂಡಿಗೆ ಓಯ್ತೀಯ."

ಸತೀಶನದು ಬೀದಿಯ ತುದಿಯಲ್ಲಿ ಮೊಬೈಲ್ ಅಂಗಡಿ. ಸಂಘದ ಕಂಪ್ಯೂಟರಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

ಸಮಸ್ಯೆ ಚೌಡೇಶನಿಗೆ ಚೆನ್ನಾಗಿ ಗೊತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಹೆಚ್ಚೆಂದರೆ ಒಂದು ನಿಮಿಷ ಉಸಿರು ಹಿಡಿಯುತ್ತದೆ. ಕಂಪ್ಯೂಟರು ಆರುವುದಕ್ಕೆ ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಆರಿಸಲು ಹೇಳಿದ ಕೂಡಲೆ, ಯಾವುದೋ ಒಂದು ಕೆಲಸ ನಿಲ್ಲುತ್ತಿದೆ, ಕಾಯಿರಿ ಎಂದು ಪರದೆಯ ಮೇಲೆ ಬರುತ್ತಿತ್ತು. ಯಾವ ಕೆಲಸ ಎಂಬುದನ್ನೂ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹೇಳುತ್ತಿತ್ತು. ಆದರೆ ಕೋಪ ಬಂದ ಮನುಷ್ಯ ಸಣ್ಣಕ್ಷರ ಓದುವುದಿಲ್ಲ. ಓದುವ ಬದಲು ಅವನು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದ. ತನ್ನ ಹಾಗೆಯೇ ಕೋಪ ಬಂದವರು ಜಗತ್ತಿನ ತುಂಬ ಇದ್ದಾರೆಂದು ತಿಳಿದು ಅವನಿಗೆ ಬಹಳ ಸಮಾಧಾನವಾಗಿತ್ತು.

"ಕಂಪ್ಯೂಟ್ರು ಹಚ್ಚಿದಾಗ ಎಲ್ರಿಗಿಂತ ಮೊದ್ಲು ಏಳೋ ಪ್ರೋಗ್ರಾಮು ಒಂದದ ಮಾವ. ಇನಿಟ್ ಅಂತಾರೆ. ಅದೇ ಮಿಕ್ಕೋರ್ನೆಲ್ಲ ಎಬ್ಬಿಸ್ತದ. ಆರಿಸುವಾಗ ಎಲ್ರನ್ನೂ ಮಲಗ್ಸಿ ಕೊನೇಗೆ ತಾನು ಮಲಗ್ತದ. ಈಗಿರೋದು ಸಿಸ್ಟಮ್‌ಡಿ ಅಂತ. ಎಲ್ಲಾದ್ರಲ್ಲೂ ಕೈ ಆಡಿಸ್ತದ. ಒಬ್ಬೊಬ್ರನ್ನೂ ಇಚಾರಿಸ್ಕಂಡು ಮಲಗ್ಸೋ ಒತ್ಗೆ ಯುಪಿಎಸ್ಸೇ ಮಲಗ್ಬುಡ್ತದ. ಅದ್ನ ತೆಗ್ದು ಓಪನ್‌ಆರ್‌ಸಿ ಅಂತ ಚಿಕ್ಕದೊಂದದ, ಅದ್ನ ಆಕ್ತೀನಿ. ಸಾಯಂಕಾಲಕ್ಕೆ ನೋಡಿ."

ಬಾಗಿಲ ಹತ್ತಿರ ರೇಷ್ಮೆ ಸುತ್ತುತ್ತಿದ್ದ ಅವನ ತಾಯಿ ಭಾಗ್ಯಮ್ಮನ ರಾಟೆ ನಿಂತಿತು.

"ಈ ಮನೇಲಿ ಮೊದ್ಲು ಎದ್ದು ಎಲ್ರನ್ನೂ ಎಬ್ಬಿಸೋಳು ನಾನು. ಎಲ್ಲಾದ್ರಲ್ಲೂ ಕೈ ಆಡಿಸೋಳೂ ನಾನೇ ಅಂತ ನಿನ್ನೆಂಡ್ತಿ ದಿನಾ ಅಂತಾಳೆ. ಈಗ ನನ್ನ ತೆಗ್ದು ಚಿಕ್ಕದೊಂದ ಆಕ್ತೀಯೇನ್ಲಾ?"

"ಅವ್ವಾ, ನಾ ಏಳಿದ್ದು ಕಂಪ್ಯೂಟ್ರು ಮಾತು."

"ಕಂಪ್ಯೂಟ್ರು ಮಾತ ನನ್ ಕಡೆ ನೋಡ್ಕಂಡ್ ಯಾಕ್ ಆಡ್ದೆ?"

ಅಡುಗೆಮನೆಯಿಂದ ಹೆಂಡತಿ ರೋಜಾ, ಯಳಂದೂರು ಕಡೆಯ ಅಗರದ ಹೆಣ್ಣು, ಒಗ್ಗರಣೆಯ ಸದ್ದಿನ ಮೇಲೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ತೆಗೀರಿ, ತೆಗೀರಿ. ಅಳೇದು ಇದ್ದಿದ್ದು ಸಾಕು."

ಆ ಕ್ಷಣದಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಅತ್ತೆ ಸಿಸ್ಟಮ್‌ಡಿ ಕಡೆ, ಸೊಸೆ ಓಪನ್‌ಆರ್‌ಸಿ ಕಡೆ. ಎರಡೂ ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಅದು ಅಡ್ಡಿಯೂ ಆಗಲಿಲ್ಲ.

ಚೌಡೇಶ ಕೋಪಿಷ್ಠನೇ ಹೊರತು ದುಡುಕಿನವನಲ್ಲ. ಮೊದಲು ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಟ್ಟ. ಹಳೆಯದನ್ನು ಈಗಲೇ ತೆಗೆಯುವುದಿಲ್ಲ, ಅದರ ಪಕ್ಕದಲ್ಲೇ ಹೊಸದನ್ನು ಕೂರಿಸುತ್ತೇನೆ, ಕಂಪ್ಯೂಟರು ಹಚ್ಚಿದಾಗ ಎರಡು ಸಾಲು ಬರುತ್ತವೆ, ಮೊದಲನೆಯದು ಹಳೆಯದು, ಎರಡನೆಯದು ಹೊಸದು, ಹೊಸದು ಚೆನ್ನಾಗಿ ಎದ್ದು ನಡೆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಳೆಯದಕ್ಕೆ ಕೈ ಹಚ್ಚುವುದು ಎಂದು ನಾಗಯ್ಯನವರಿಗೆ ವಿವರಿಸಿದ.

ನಾಗಯ್ಯನವರಿಗೆ ಇದು ಮೊದಲ ಸಲ ಅರ್ಥವಾಯಿತು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಹಾಕುವಾಗ ಯಾವ ನೇಕಾರನೂ ಹಳೆಯ ಹಾಸನ್ನು ಪೂರ್ತಿ ಕಿತ್ತು ಬಿಸಾಡುವುದಿಲ್ಲ. ಅದರ ತುದಿಯನ್ನು ಹಣಿಗೆಯಲ್ಲೇ ಉಳಿಸಿ, ಅದಕ್ಕೆ ಹೊಸ ಎಳೆಗಳನ್ನು ಒಂದೊಂದಾಗಿ ಬೆಸೆದು, ಹಳೆಯದರ ಕೈಯಿಂದಲೇ ಹೊಸದನ್ನು ಎಳೆಸುತ್ತಾನೆ.

"ಅಂಗನ್ನು ಮತ್ತೆ. ಬೆಸಿ, ಬೆಸಿ," ಎಂದು ಅಪ್ಪಣೆ ಕೊಟ್ಟು ಅವರು ಜಗಲಿಯಲ್ಲಿ ಕೂತರು.

ಬೆಸೆಯುವುದಕ್ಕೆ ಹೊಸದು ಇಂಟರ್‌ನೆಟ್ಟಿನಿಂದ ಇಳಿಯಬೇಕಿತ್ತು. ರೋಜಾ ಪಕ್ಷಾಭಿಮಾನದಿಂದ ತನ್ನ ಫೋನು ಕೊಟ್ಟಳು. ಅರ್ಧ ಇಳಿಯುವಷ್ಟರಲ್ಲಿ ಅವಳ ಡೇಟಾ ಮುಗಿಯಿತು. ಹಿಂದಿನ ದಿನ ಎರಡು ಧಾರಾವಾಹಿಯ ಬಾಕಿ ಕಂತುಗಳನ್ನು ನೋಡಿ ಮುಗಿಸಿದ್ದಳು. ಚೌಡೇಶನ ಫೋನಿನಲ್ಲಿ ಡೇಟಾ ಇತ್ತು, ಸಿಗ್ನಲ್ ಇರಲಿಲ್ಲ. ನಾಗಯ್ಯನವರ ಫೋನು ಕೊಡಬಹುದಿತ್ತು, ಆದರೆ ಅದರಲ್ಲಿ ತಲೆಯಿಲ್ಲದ ನವಿಲಿದೆ, ಸಾಕ್ಷಿ ಎಂದು ಅವರು ಬಿಟ್ಟುಕೊಡಲಿಲ್ಲ. ಕೊನೆಗೆ ಭಾಗ್ಯಮ್ಮ ಸ್ನಾನಕ್ಕೆ ಹೋದಾಗ ದೇವರ ಗೂಡಿನಲ್ಲಿದ್ದ ಅವಳ ಫೋನನ್ನು ತಂದು ಹೊಸ ವ್ಯವಸ್ಥೆಯನ್ನು ಇಳಿಸಿಕೊಂಡರು.

ಅಷ್ಟು ಹೊತ್ತಿಗೆ ಸುದ್ದಿ ಬೀದಿ ಮುಟ್ಟಿತ್ತು. ಸತೀಶ ಅಂಗಡಿಗೆ ಅರ್ಧ ಬಾಗಿಲು ಎಳೆದು ಬಂದ.

"ಲೇ ಚೌಡೇಶ, ಯಾಕ್ಲಾ ಇಷ್ಟು ಒದ್ದಾಟ? ಎಲ್ಲಾ ಅಳಿಸಿ ಬೇರೇದೇ ಆಕ್ಬುಡ್ತೀನಿ, ನಂಗೆ ಕೊಡು. ಒಂದ್ ಟೀ ಕುಡಿಯೋ ಒತ್ತು."

"ಅಂಗೆಲ್ಲ ಅಳಿಸಬಾರ್ದು ಕಣ್ಲಾ. ಬೆಸೀಬೇಕು," ಎಂದರು ಜಗಲಿಯಿಂದ ನಾಗಯ್ಯ.

ಚೌಡೇಶ ಎರಡನೆಯ ಸಾಲನ್ನು ಬರೆದು ಸೇರಿಸಿದ. ಯಾರಾದರೂ ಒತ್ತುವವರೆಗೂ ಕಂಪ್ಯೂಟರು ಅಲ್ಲೇ ಕಾಯಬೇಕೆಂದೂ ಬರೆದ. ಆಮೇಲೆ ಆರಿಸಿದ. ಒಂದೂವರೆ ನಿಮಿಷ ಎಲ್ಲರೂ ಪರದೆಯನ್ನು ನೋಡುತ್ತ ಕಾದರು. ಮತ್ತೆ ಹಚ್ಚಿದ. ಎರಡು ಸಾಲು ಬಂದವು. ಬಾಣದ ಗುಂಡಿಯಿಂದ ಒಂದು ಸಾಲು ಕೆಳಗಿಳಿದು ಎಂಟರ್ ಒತ್ತಿದ.

ಪರದೆ ಕಪ್ಪಾಯಿತು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕು ಮಿಣುಕು ಎನ್ನತೊಡಗಿತು. ಬೇರೇನೂ ಆಗಲಿಲ್ಲ.

"ಸತ್ತೋಯ್ತಾ?" ಎಂದು ಕೇಳಿದ ಸತೀಶ, ಹಾಗೆ ಕೇಳುವುದರಲ್ಲಿ ಇರಬೇಕಾದಷ್ಟು ದುಃಖವಿಲ್ಲದೆ.

ಚೌಡೇಶ ಗುಂಡಿ ಅದುಮಿ ಹಿಡಿದು ಆರಿಸಿದ. ಹಳೆಯದು ಅಲ್ಲೇ ಇತ್ತಲ್ಲ. ಮತ್ತೆ ಹಚ್ಚಿ ಮೊದಲನೆಯ ಸಾಲನ್ನು ಒತ್ತಿದ. ಸಿಸ್ಟಮ್‌ಡಿ ಏನೂ ಆಗಿಲ್ಲವೆಂಬಂತೆ ಎದ್ದು ಎಲ್ಲರನ್ನೂ ಎಬ್ಬಿಸಿತು.

"ನೋಡ್ದಾ? ಮೊದ್ಲನೇದು ಒತ್ತುದ್ರೆ ಎದ್ದೇಳ್ತದ," ಎಂದಳು ತಲೆ ಒರೆಸಿಕೊಳ್ಳುತ್ತ ಬಂದು ನಿಂತ ಭಾಗ್ಯಮ್ಮ. ಅವಳ ಮುಖದಲ್ಲಿ ಗೆದ್ದವರ ಕಳೆಯಿತ್ತು.

ನೋಡಿದರೆ ಎರಡನೆಯ ಸಾಲು ಬರೆಯುವಾಗ ಒಂದು ಅಕ್ಷರ ಬಿಟ್ಟುಹೋಗಿತ್ತು. ಚೌಡೇಶ ಅದನ್ನು ತಿದ್ದಿದ. ಈಗ ಖಂಡಿತ ಏಳುತ್ತದೆ ಎಂದು ಮತ್ತೆ ಒತ್ತಲು ಹೋದವನ ಕೈಯನ್ನು ನಾಗಯ್ಯ ಹಿಡಿದರು.

"ಯಾವ ಬುದ್ಧಿವಂತ್ಲಾ ನೀನು? ಶುಕ್ರವಾರ ಅತ್ತೂವರೆಯಿಂದ ಅನ್ನೆರಡು ರಾಹುಕಾಲ. ಹೊಸ ಹಾಸು ಮಗ್ಗಕ್ಕೇರಿಸೋವಾಗ ಪೂಜೆ ಇಲ್ದೆ ಏರಿಸ್ತೀವಾ? ಅಕ್ಷರ ಬಿಟ್ಟೋಗ್ದೆ ಇನ್ನೇನಾಯ್ತದ?"

ಚೌಡೇಶನಿಗೆ ನಂಬಿಕೆಯಿರಲಿಲ್ಲ. ಆದರೆ ಕುರ್ಚಿಯ ಪ್ರಶ್ನೆ. ಕುರ್ಚಿಗಾಗಿ ಅವನು ಕಂಪ್ಯೂಟರಿಗೆ ಉರುಳುಸೇವೆ ಮಾಡಲೂ ಸಿದ್ಧನಿದ್ದ. ಕಂಪ್ಯೂಟರನ್ನು ಆರಿಸಿ, ಒಂದೂವರೆ ನಿಮಿಷ ಕಾದು, ಹನ್ನೆರಡು ಹೊಡೆಯಲೆಂದು ಎಲ್ಲರೂ ಕೂತರು.

ಹನ್ನೆರಡರ ಹೊತ್ತಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಆರತಿ ತಟ್ಟೆಗೂ ಜಾಗವಿರಲಿಲ್ಲ. ಅರ್ಧ ಮೇಜನ್ನು ಸಂಘದ ಹಳೆಯ ಪ್ರಿಂಟರು ಆಕ್ರಮಿಸಿತ್ತು. ಅದು ಕೆಟ್ಟು ಎರಡು ದಸರಾ ಕಳೆದಿದ್ದವು, ದೀಪ ಮಾತ್ರ ಉರಿಯುತ್ತಿತ್ತು, ಮೇಲೆ ರೋಜಾ ಬೆಂಡೆ ಬೀಜ ಒಣಗಿಸುತ್ತಿದ್ದಳು. ನಾಗಯ್ಯ ಸನ್ನೆ ಮಾಡಿದರು. ಸತೀಶ ಅದರ ವೈರುಗಳನ್ನು ಕಿತ್ತು ಬೀಜದ ಸಮೇತ ಹೊತ್ತು ಜಗಲಿಗೆ ಹಾಕಿ ಬಂದ. ಆ ಜಾಗದಲ್ಲಿ ತಟ್ಟೆ ಕೂತಿತು.

"ಒತ್ತೋದು ನೀನು ಬ್ಯಾಡ," ಎಂದರು ನಾಗಯ್ಯ ಚೌಡೇಶನಿಗೆ. "ನಿನ್ ಕೈಗುಣ ಬೆಳಿಗ್ಗೇನೇ ನೋಡುದ್ವಿ. ಭಾಗ್ಯಕ್ಕಾ, ನೀನೇ ಒತ್ತು. ಈ ಬೀದೀಲಿ ಎಷ್ಟು ಮಗ್ಗಕ್ಕೆ ನೀನು ಮೊದಲ ಲಾಳಿ ಎಸ್ದಿದೀಯ, ಒಂದಾದ್ರೂ ಕೆಟ್ಟದಾ?"

ಭಾಗ್ಯಮ್ಮ ಸೆರಗು ಸರಿಮಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಚೌಡೇಶ ಅವಳಿಗೆ ಬಾಣದ ಗುಂಡಿ ತೋರಿಸಿದ. "ಅವ್ವಾ, ಎರಡು ಸಾಲು ಬತ್ತದ. ಇದ್ನ ಒಂದ್ಸಲ ಒತ್ತಿ ಕೆಳಕ್ಕಿಳಿ. ಆಮೇಲೆ ಈ ದೊಡ್ ಗುಂಡಿ ಒತ್ತು."

"ಗೊತ್ತು ಬುಡ್ಲಾ."

ಚೌಡೇಶ ಕಂಪ್ಯೂಟರು ಹಚ್ಚಿ ಸರಿದು ನಿಂತ, ನಾಗಯ್ಯ ಕಾಯಿ ಒಡೆದರು. ಕರ್ಪೂರ ಹಚ್ಚಿದರು. ಗಂಟೆ ಬಾರಿಸಿದರು. ಮಂಗಳಾರತಿಯ ಹೊತ್ತಿಗೆ ಆ ಬೀದಿಯವರು ಯಾವಾಗಲೂ ಮಾಡುವಂತೆ ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದರು. ಚೌಡೇಶ ಎಲ್ಲರಿಗಿಂತ ಗಟ್ಟಿಯಾಗಿ ಮುಚ್ಚಿದ್ದ. ಅವನು ಕಣ್ಣು ತೆರೆದಾಗ ಹೊಗೆಯ ಆಚೆ ಪರದೆ ಬೆಳಗುತ್ತಿತ್ತು. ಕಂಪ್ಯೂಟರು ಪೂರ್ತಿ ಎದ್ದು ಕೂತಿತ್ತು.

"ಎದ್ದದ!" ಎಂದು ಕೂಗಿದಳು ರೋಜಾ.

"ಆರಿಸು ನೋಡವ," ಎಂದರು ನಾಗಯ್ಯ.

ಚೌಡೇಶ ಆರಿಸಲು ಹೇಳಿದ. ತಟ್ಟೆಯ ಕರ್ಪೂರ ಇನ್ನೂ ಉರಿಯುತ್ತಿರುವಾಗಲೇ ಕಂಪ್ಯೂಟರು ತಣ್ಣಗೆ ಆರಿತು. ಕಾಯಿರಿ ಎನ್ನಲಿಲ್ಲ, ಏನೂ ಎನ್ನಲಿಲ್ಲ. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಚೌಡೇಶನ ಕಣ್ಣು ತುಂಬಿ ಬಂತು. ಅದನ್ನು ಹೊಗೆಯ ಮೇಲೆ ಹಾಕಿದ.

ಇಂಥ ಸಂದರ್ಭದಲ್ಲಿ, ಈಗ ನಿನ್ನನ್ನು ನಡೆಸುತ್ತಿರುವವರು ಯಾರು ಎಂದು ಕಂಪ್ಯೂಟರನ್ನೇ ಕೇಳುವ ಒಂದು ಚಿಕ್ಕ ಅಪ್ಪಣೆಯಿದೆ. ಮುಂದಿನ ಸಲ ಹಚ್ಚಿದಾಗ ಚೌಡೇಶ ಅದನ್ನು ಕೇಳಬೇಕೆಂದೇ ಕೈ ಚಾಚಿದ. ಚಾಚಿದ ಕೈಗೆ ಯಾರೋ ಕಾಯಿ ಚೂರು, ಬಾಳೆಹಣ್ಣು ಹಾಕಿದರು. ಪ್ರಸಾದದ ಕೈಯಲ್ಲಿ ಕೀಬೋರ್ಡು ಮುಟ್ಟುವುದು ಬೇಡವೆಂದು ಸುಮ್ಮನಾದ.

ಮಧ್ಯಾಹ್ನವೆಲ್ಲ ಬೀದಿಯವರಿಗೆ ಅದೇ ಆಟವಾಯಿತು. ಊಟ ಮುಗಿಸಿ ಬಂದವರಿಗೆ ಇನ್ನೊಮ್ಮೆ ತೋರಿಸಬೇಕು. ಚೌಡೇಶ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಯುಪಿಎಸ್ ಗುಂಡಿ ಒತ್ತಿ ಹಚ್ಚುವುದು, ಭಾಗ್ಯಮ್ಮ ಮೇಲೆ ಕುರ್ಚಿಯಲ್ಲಿ ಕೂತು ಎಂಟರ್ ಒತ್ತುವುದು, ಅವನು ಹೇಳಿಕೊಟ್ಟ ಹಾಗೆ ಆರಿಸುವುದೂ ಅವಳೇ. ಪ್ರತಿ ಸಲವೂ ಕಂಪ್ಯೂಟರು ಎದ್ದಿತು, ಪ್ರತಿ ಸಲವೂ ಚಿಟಿಕೆ ಹೊಡೆಯುವಷ್ಟರಲ್ಲಿ ಆರಿತು. ನಡುವೆ ನವಿಲಿನ ಫೈಲನ್ನು ಮೊದಲಿಂದ ಹಾಕಿ ರಟ್ಟು ಹೊಡೆಯತೊಡಗಿದರು. ಯಂತ್ರ ನವಿಲಿನ ಕುತ್ತಿಗೆಗೆ ಬಂದಾಗ, ಹೇಳಿ ಕಳಿಸಿದ ಹಾಗೆ, ನಿಜವಾಗಿಯೂ ಕರೆಂಟು ಹೋಯಿತು. ಯುಪಿಎಸ್ ಕೂಗಿಕೊಂಡಿತು. ಚೌಡೇಶ ಆರಿಸಿದ. ಯುಪಿಎಸ್ ಇನ್ನೂ ಕೂಗುತ್ತಲೇ ಇತ್ತು, ಕಂಪ್ಯೂಟರು ಆಗಲೇ ಮಲಗಿತ್ತು. ಕರೆಂಟು ಬಂದ ಮೇಲೆ ನಿಲ್ಲಿಸಿದಲ್ಲಿಂದ ಶುರುವಾಗಿ ನವಿಲಿಗೆ ಕುತ್ತಿಗೆ ಬಂತು, ಕೊಕ್ಕು ಬಂತು, ತುರಾಯಿ ಬಂತು.

ಸಾಯಂಕಾಲದ ಬಸ್ಸಿಗೆ ಗುರುಪಾದಸ್ವಾಮಿಗಳು ಬಂದರು. ಬಿಳಿ ಪಂಚೆ, ವಿಭೂತಿ, ಕಂಕುಳಲ್ಲಿ ಕೊಡೆ, ಕಡಿಮೆ ಮಾತಿನ ಮನುಷ್ಯ. ಅವರಿಗೆ ರಟ್ಟಿನ ಕಂತೆ ತೋರಿಸಿದರು, ಕಂಪ್ಯೂಟರು ಆರುವುದನ್ನೂ ಏಳುವುದನ್ನೂ ಎರಡೆರಡು ಸಲ ತೋರಿಸಿದರು. ಅವರು ಎಲ್ಲವನ್ನೂ ನೋಡಿ ತಲೆಯಾಡಿಸಿದರು. ನಾಗಯ್ಯ ಗಂಟಲು ಸರಿಮಾಡಿಕೊಂಡು, "ಕಂಪ್ಯೂಟ್ರು ಎಲ್ಗೂ ಓಗಲ್ಲ. ಇದೇ ಮನೇಲಿರ್ತದ," ಎಂದು ಸಾರಿದರು. ಸತೀಶ ತನ್ನ ಅಂಗಡಿಯ ದಿಕ್ಕಿಗೆ ನೋಡಿದ.

ಚೌಡೇಶನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಇನ್ನೊಂದು ಕೆಲ್ಸ ಉಳಿದದ," ಎಂದ. "ಒಸದು ಗೆದ್ದದ್ದ ಎಲ್ರೂ ನೋಡುದ್ರಿ. ಈಗ ನಿಮ್ಮೆದುರ್ಗೇ ಅಳೇದ್ನ ತೆಗ್ದಾಕ್ತೀನಿ."

"ತೆಗೀರಿ," ಎಂದಳು ರೋಜಾ. ಭಾಗ್ಯಮ್ಮ ಕುರ್ಚಿಯಿಂದ ಏಳಲಿಲ್ಲ. ಚೌಡೇಶ ಅವಳ ಭುಜದ ಮೇಲಿನಿಂದ ಬಗ್ಗಿ, ಸಿಸ್ಟಮ್‌ಡಿಯನ್ನು ತೆಗೆದುಹಾಕು ಎಂದು ಅಪ್ಪಣೆ ಬರೆದು ಒತ್ತಿದ.

ಕಂಪ್ಯೂಟರು ಒಂದು ಗಳಿಗೆ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಸಿಸ್ಟಮ್‌ಡಿಯನ್ನು ತೆಗೆಯಲಾಗದು, ಈಗ ಎಲ್ಲವನ್ನೂ ನಡೆಸುತ್ತಿರುವುದು ಅದೇ, ತೆಗೆಯಬೇಕಿದ್ದರೆ ಮೊದಲು ಬೇರೊಂದಕ್ಕೆ ಬದಲಾಯಿಸಿಕೊಳ್ಳಿ.

ಚೌಡೇಶ ಅದನ್ನು ಎರಡು ಸಲ ಓದಿದ. ಆಮೇಲೆ ತಾಯಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಅವ್ವಾ, ಬಾಣದ ಗುಂಡಿ ಒತ್ತಿದ್ಯಾ?"

"ಯಾಕೊತ್ಲಿ? ಶುಭಕಾರ್ಯ ಮಾಡುವಾಗ ಕೆಳಕ್ಕಿಳಿ ಅಂತೀಯಲ್ಲ, ನಿಂಗೆ ಬುದ್ಧಿ ಬ್ಯಾಡ್ವಾ? ಮೊದ್ಲನೇ ಸಾಲು ಇರೋವಾಗ ಯಾರಾರ ಎರಡ್ನೇದು ಇಡೀತಾರ? ಮೊದ್ಲನೇದೇ ಒತ್ತಿದೆ."

"ಎಲ್ಲಾ ಸಲಾನೂ?"

"ಎಲ್ಲಾ ಸಲಾನೂ."

ಹಾಗಾದರೆ ಮಧ್ಯಾಹ್ನದಿಂದ ಎದ್ದದ್ದೂ ಹಳೆಯದೇ, ಚಿಟಿಕೆಯಲ್ಲಿ ಮಲಗಿದ್ದೂ ಹಳೆಯದೇ. ಇಷ್ಟು ದಿನ ಮಲಗದಿದ್ದದ್ದು ಇವತ್ತು ಹೇಗೆ ಮಲಗಿತು? ಚೌಡೇಶ ಮೇಜನ್ನು ನೋಡಿದ. ಆರತಿ ತಟ್ಟೆ. ಅದಕ್ಕೆ ಮುಂಚೆ ಅಲ್ಲಿ ಪ್ರಿಂಟರಿತ್ತು, ಅವನು ಓದದೆ ಬಿಟ್ಟ ಸಣ್ಣಕ್ಷರದಲ್ಲೂ ಅದರ ಹೆಸರೇ ಇದ್ದಿರಬೇಕು. ಕೆಟ್ಟ ಪ್ರಿಂಟರಿಗೆ ಹೇಳದೆ ಮಲಗುವುದು ಮರ್ಯಾದೆಯಲ್ಲವೆಂದು ಕಂಪ್ಯೂಟರು ದಿನಾ ಒಂದೂವರೆ ನಿಮಿಷ ಅದರ ಉತ್ತರಕ್ಕೆ ಕಾಯುತ್ತಿತ್ತು. ಸತೀಶ ವೈರು ಕಿತ್ತ, ಕಾಯುವುದು ತಪ್ಪಿತು. ಇಡೀ ದಿನದ ಹೋರಾಟದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಯಾರಿಗೂ ಹೇಳದಿದ್ದರಾಯಿತು ಎಂದು ಚೌಡೇಶ ತೀರ್ಮಾನಿಸಿದ. ಕುರ್ಚಿ ಉಳಿದಿದೆ, ಅದು ಮುಖ್ಯ. ಅಷ್ಟರಲ್ಲಿ ಗುರುಪಾದಸ್ವಾಮಿಗಳು ಮೊದಲ ಸಲ ಬಾಯಿ ತೆರೆದರು.

"ಒಳ್ಳೇದಾಯ್ತು. ಅಚ್ಚೋದೂ ಸಲೀಸು, ಆರಿಸೋದೂ ಸಲೀಸು. ಈ ತಾಯಿ ಒಬ್ರೇ ಎಲ್ಲಾ ಮಾಡುದ್ರು. ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ ನಾಗಯ್ಯೋರೆ. ಈ ಹುಡುಗ್ನಿಗೆ ಏನು ಕೆಲ್ಸ?"

ನಾಗಯ್ಯ ಭಾಗ್ಯಮ್ಮನನ್ನು ನೋಡಿದರು. ಅವಳು ಕುರ್ಚಿಯಲ್ಲಿ ಹುಟ್ಟಿದವಳ ಹಾಗೆ ಕೂತಿದ್ದಳು. ಚೌಡೇಶನನ್ನು ನೋಡಿದರು. ಅವನು ಮೇಜಿನ ಕೆಳಗಿನ ಧೂಳನ್ನೆಲ್ಲ ಮಂಡಿಗೆ ಮೆತ್ತಿಕೊಂಡು ನಿಂತಿದ್ದ.

"ಅದೂ ನಿಜ," ಎಂದರು ನಾಗಯ್ಯ ನಿಧಾನವಾಗಿ. "ಒಸದು ಬಂದ್ಮೇಲೆ ಕಷ್ಟ ಏನದ? ರಟ್ಟು ಉಣಿಸೋದ ಭಾಗ್ಯಕ್ಕ ದಿನಾ ನೋಡವ್ಳೆ. ಅಲ್ದೆ ಮಾದೇಶ ಗೋಪಿನಾಥಂನಲ್ಲಿ ಕೂತವ್ನೆ, ಮಗ್ಗ ಖಾಲಿ ಬಿದ್ದದ, ಮದ್ವೆ ಅತ್ರ ಬಂತು. ಭಾಗ್ಯಕ್ಕ ಕುರ್ಚೀಲಿರ್ಲಿ. ಚೌಡೇಶ, ನೀ ಮಗ್ಗದಲ್ಲಿ ಕೂತ್ಕ. ಇವತ್ತೇ ಕೂತ್ಕ, ಶುಕ್ರವಾರ ಒಳ್ಳೇದು."

ಚೌಡೇಶನಿಗೆ ಕಾಲಡಿಯ ನೆಲವೇ ಗುಂಡಿಯಾದಂತಾಯಿತು. ಕುರ್ಚಿಯೇ ಹೋಗುವುದಾದರೆ ಸುಳ್ಳು ಯಾರಿಗಾಗಿ?

"ಮಾವ, ಒಸದು ನಡೀತಾನೇ ಇಲ್ಲ!" ಎಂದು ಕೂಗಿದ. "ಬೆಳಿಗ್ಗೆಯಿಂದ ನಡೆಸ್ತಿರೋದು ಅಳೇದೇ! ಅವ್ವ ಮೊದ್ಲನೇ ಸಾಲು ಒತ್ತವ್ಳೆ. ಬೇಗ ಆರಿದ್ದು ಪ್ರಿಂಟ್ರು ವೈರು ಕಿತ್ತಿದ್ಕೆ. ಬೇಕಾದ್ರೆ ನೋಡಿ, ಪರದೆ ಮ್ಯಾಲೇ ಬರದದೆ!"

ನಾಗಯ್ಯ ಅವನನ್ನು ಬಹಳ ಮರುಕದಿಂದ ನೋಡಿದರು. "ಎತ್ತವ್ವನ ಮ್ಯಾಲೆ ಒಟ್ಟೆಕಿಚ್ಚು ಪಡಬಾರ್ದು ಕಣ್ಲಾ."

"ಒಟ್ಟೆಕಿಚ್ಚಲ್ಲ ಮಾವ! ಸತೀಶಾ, ನಿಂಗೆ ಇಂಗ್ಲಿಷ್ ಬತ್ತದಲ್ಲ. ನೀನೇ ಓದಿ ಏಳು. ನಿನ್ ದಮ್ಮಯ್ಯ."

ನಾಗಯ್ಯ ಸಾರಿದಾಗಿನಿಂದ ಮಂಕಾಗಿದ್ದ ಸತೀಶ ಮುಂದೆ ಬಂದ. ಪರದೆಗೆ ಮೂಗು ಹತ್ತಿಸಿ, ತುಟಿ ಆಡಿಸುತ್ತ ಪೂರ್ತಿ ಓದಿದ. ಅವನಿಗೆ ಅರ್ಥವಾದದ್ದು ಅವನ ಕಣ್ಣಲ್ಲೇ ಚೌಡೇಶನಿಗೆ ಕಂಡಿತು. ಸತೀಶ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಒಸದು ಬೋ ಚೆನ್ನಾಗಿ ನಡೀತಾ ಅದ ಅಂತ ಬರದದೆ, ಮಾವ."

ಕಂಪ್ಯೂಟರು ಅವನಿಗೂ ಸಿಗಲಿಲ್ಲ. ಆದರೂ ಮನೆಗೆ ಹೋಗುವಾಗ ಶಿಳ್ಳೆ ಹೊಡೆಯುತ್ತ ಹೋದ.

ಜನ ಚದುರಿದರು. ಗುರುಪಾದಸ್ವಾಮಿಗಳು ಹನೂರಿನ ಬಸ್ಸಿಗೆ ಹೊರಟರು. ರೋಜಾ ತನ್ನ ಪಕ್ಷ ಗೆದ್ದಿತೋ ಸೋತಿತೋ ತಿಳಿಯದೆ ಪಾತ್ರೆಗಳನ್ನು ಬೇಕಾದದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು. ಚೌಡೇಶ ಪಂಚೆ ಎತ್ತಿ ಕಟ್ಟಿ ನಾಗಯ್ಯನವರ ಮನೆಯಲ್ಲಿದ್ದ ಮಾದೇಶನ ಮಗ್ಗದ ಕಡೆ ಹೊರಟ. ಹೊಸಿಲು ದಾಟುವಷ್ಟರಲ್ಲಿ ತಾಯಿ ಕರೆದಳು.

"ಲೇ ಚೌಡೇಶ, ಬಾ ಇಲ್ಲಿ. ಒಂದ್ಗಳಿಗೆ ಕೂತ್ಕ."

ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು. ಎಷ್ಟಾದರೂ ಹೆತ್ತ ತಾಯಿ. ಚೌಡೇಶ ಓಡಿ ಬಂದು ಕೂತ. ಕುರ್ಚಿ ಅವನ ಭಾರಕ್ಕೆ ಹಿತವಾಗಿ ತಿರುಗಿತು.

"ಆ ಎರಡ್ನೇ ಸಾಲು ಅಂದ್ಯಲ್ಲ," ಎಂದಳು ಭಾಗ್ಯಮ್ಮ. "ಅದ್ನ ಅಳಿಸ್ಬುಡು. ಅಪ್ಪಿತಪ್ಪಿ ಯಾರಾರ ಒತ್ತಿಬುಟ್ಟಾರು. ನಂಗೆ ಅಳಿಸಕ್ಕೆ ಬರಲ್ಲ."

ಚೌಡೇಶ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಅಪ್ಪಣೆ ಬರೆದು ಒತ್ತಿದ. ಹೊಸದನ್ನು ತೆಗೆಯುವುದಕ್ಕೆ ಕಂಪ್ಯೂಟರು ಯಾವ ತಕರಾರೂ ಮಾಡಲಿಲ್ಲ. ಭಾಗ್ಯಮ್ಮ ಕುರ್ಚಿಯ ಹಿಂಬದಿ ಹಿಡಿದು ಕಾಯುತ್ತಿದ್ದಳು. ಅವನು ಎದ್ದು ಜಾಗ ಬಿಟ್ಟ.